ಕಂಪ್ಯೂಟರಿನ ಗುರುತಿಗೆ ಸಾಕ್ಷಿ ಯಾರು?

ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಮೂಡುತ್ತದೆ: ಈ ಕಂಪ್ಯೂಟರಿಗೂ ಡೊಮೈನಿಗೂ ಇದ್ದ ನಂಬಿಕೆಯ ಸಂಬಂಧ ಮುರಿದುಬಿದ್ದಿದೆ. ಎಲ್ಲ ಯಂತ್ರಗಳನ್ನೂ ಒಂದೇ ಕೇಂದ್ರದಿಂದ ನೋಡಿಕೊಳ್ಳುವ ಜಾಲದಲ್ಲಿ ಕೆಲಸ ಮಾಡುವವರು ಇದನ್ನು ಎಂದಾದರೊಮ್ಮೆ ನೋಡಿಯೇ ಇರುತ್ತಾರೆ. ಕೊಳ್ಳೇಗಾಲ ಸೀಮೆಯಲ್ಲಾದರೆ ಸಿಸ್ಟಂ ನೋಡಿಕೊಳ್ಳುವ ಹುಡುಗ ಫೋನಿನಲ್ಲಿ, "ಡೊಮೈನ್ ಬುಟ್ಟೋಗದ ಸಾ, ಮತ್ತ ಸೇರುಸ್ಬೇಕು" ಅನ್ನುತ್ತಾನೆ. ಕೌಂಟರಿನ ಆಚೆ ಸಾಲಿನಲ್ಲಿ ನಿಂತವರಿಗೆ ಸಿಗುವ ಉತ್ತರ ಬೇರೆ: "ಸರ್ವರ್ ಇಲ್ಲ, ಮಧ್ಯಾಹ್ನದ ಮೇಲೆ ಬನ್ನಿ." ಸರ್ವರ್ ಇದೆ, ಕರೆಂಟೂ ಇದೆ, ಕೇಬಲ್ಲೂ ನೆಟ್ಟಗಿದೆ. ಕೆಟ್ಟಿರುವುದು ಗುರುತೊಂದೇ. ನಿನ್ನೆ ಸಂಜೆಯವರೆಗೂ ತನ್ನದೆಂದು ಒಪ್ಪಿದ್ದ ಯಂತ್ರವನ್ನು ಜಾಲ ಇವತ್ತು ನೀನ್ಯಾರೋ ಗೊತ್ತಿಲ್ಲ ಅನ್ನುತ್ತಿದೆ.

ನಿನ್ನೆ ಗೊತ್ತಿದ್ದದ್ದಾದರೂ ಹೇಗೆ? ಯಂತ್ರಕ್ಕೆ ಹೆಸರಿದೆ ನಿಜ, ಆದರೆ ಆ ಹೆಸರನ್ನು ಯಾರು ಬೇಕಾದರೂ ತಮ್ಮ ಯಂತ್ರಕ್ಕೆ ಇಟ್ಟುಕೊಳ್ಳಬಹುದು. ಐಪಿ ವಿಳಾಸ ಬದಲಿಸಲು ಒಂದು ನಿಮಿಷ ಸಾಕು. ಜಾಲಕ್ಕೆ ಜೋಡಿಸುವ ಕಾರ್ಡಿನಲ್ಲಿ ಕಾರ್ಖಾನೆಯಲ್ಲೇ ಬರೆದಿಡುವ 48 ಬಿಟ್ಟಿನ ಮ್ಯಾಕ್ ವಿಳಾಸ ಗಟ್ಟಿಯಾದ ಗುರುತಿನಂತೆ ಕಾಣುತ್ತದೆ. ಅದನ್ನೂ ಸಾಫ್ಟ್‌ವೇರ್ ಬೇರೆಯಾಗಿ ಹೇಳಬಲ್ಲದು. ಈ ಮೂರೂ ಯಂತ್ರ ತನ್ನ ಬಗ್ಗೆ ತಾನೇ ಹೇಳಿಕೊಳ್ಳುವ ಮಾತುಗಳು. ಪುರಾವೆ ಬೇರೆಲ್ಲಿಂದಲೋ ಬರಬೇಕು. ಎಲ್ಲಿಂದ ಎಂಬುದನ್ನು ಕಂಡುಕೊಂಡ ಕತೆಗೆ ಈಗ ಐವತ್ತು ವರ್ಷದ ಹತ್ತಿರ ವಯಸ್ಸು. ಕತೆಯಲ್ಲಿ ಬರುವ ಜಾಣರೆಲ್ಲ ಒಂದಲ್ಲ ಒಂದು ಕಡೆ ಎಡವಿದವರೇ. ನನಗೆ ಇದು ಇಷ್ಟವಾಗುವುದೂ ಅದಕ್ಕೇ.

ಮೊದಲು ಈ ತಲೆನೋವೇ ಇರಲಿಲ್ಲ. 1960ರ ದಶಕದಲ್ಲಿ ಒಂದು ವಿಶ್ವವಿದ್ಯಾಲಯಕ್ಕೆ ಒಂದು ದೊಡ್ಡ ಕಂಪ್ಯೂಟರು, ಅದರಿಂದ ಹೊರಟ ತಂತಿಗಳ ತುದಿಯಲ್ಲಿ ಟರ್ಮಿನಲ್ಲುಗಳು. ಯಾವ ತಂತಿಯ ತುದಿ ಯಾವ ಕೋಣೆಯಲ್ಲಿದೆ ಎಂಬುದು ಗೊತ್ತೇ ಇತ್ತು. ಗುರುತಿಸಬೇಕಾದದ್ದು ಮನುಷ್ಯನನ್ನು, ಅದಕ್ಕೆ ಪಾಸ್‌ವರ್ಡ್ ಸಾಕಾಗಿತ್ತು. ಕೇಂಬ್ರಿಜ್‌ನ ರೋಜರ್ ನೀಡಂ ಆಗಲೇ ಒಂದು ಜಾಣತನ ತೋರಿಸಿದ್ದರು. ಪಾಸ್‌ವರ್ಡನ್ನು ಇದ್ದಹಾಗೆ ಬರೆದಿಡದೆ, ಮುಂದಕ್ಕೆ ಸುಲಭ, ಹಿಂದಕ್ಕೆ ಅಸಾಧ್ಯವೆನ್ನುವಂಥ ಲೆಕ್ಕವೊಂದಕ್ಕೆ ಹಾಯಿಸಿ, ಬಂದ ಉತ್ತರವನ್ನಷ್ಟೇ ಇಡುವುದು. ಕಡತ ಕಳವಾದರೂ ಕಳ್ಳನಿಗೆ ಪಾಸ್‌ವರ್ಡ್ ಸಿಗುವುದಿಲ್ಲ. ಇಂದಿಗೂ ಎಲ್ಲೆಡೆ ನಡೆಯುತ್ತಿರುವುದು ಇದೇ ಪದ್ಧತಿ.

1973ರಲ್ಲಿ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ, ಜೆರಾಕ್ಸ್ ಕಂಪನಿಯ ಸಂಶೋಧನಾಲಯದಲ್ಲಿ ಈ ಲೋಕ ತಲೆಕೆಳಗಾಯಿತು. ಆಲ್ಟೊ ಎಂಬ ಕಂಪ್ಯೂಟರನ್ನು ಒಬ್ಬೊಬ್ಬರ ಮೇಜಿನ ಮೇಲೂ ಇಟ್ಟು, ಅವನ್ನೆಲ್ಲ ಈಥರ್ನೆಟ್ ಎಂಬ ಒಂದೇ ಕೇಬಲ್ಲಿಗೆ ಪೋಣಿಸಿದರು. ಆ ಕೇಬಲ್ಲಿನಲ್ಲಿ ಒಬ್ಬರು ಕಳಿಸಿದ ಸಂದೇಶ ಎಲ್ಲರ ಬಾಗಿಲ ಮುಂದೆಯೂ ಹಾದುಹೋಗುತ್ತದೆ. ತನಗೆ ಬಂದದ್ದಲ್ಲವೆಂದು ಬಿಟ್ಟುಬಿಡುವುದು ಯಂತ್ರದ ಸಭ್ಯತೆ ಅಷ್ಟೆ, ಕೇಳಿಸಿಕೊಳ್ಳಬೇಕೆಂದರೆ ತಡೆಯುವವರಿಲ್ಲ. ಪಾಸ್‌ವರ್ಡನ್ನು ಇಂಥ ಕೇಬಲ್ಲಿನಲ್ಲಿ ಕಳಿಸುವುದೂ ಒಂದೇ, ಸಂತೆಯಲ್ಲಿ ನಿಂತು ಕೂಗುವುದೂ ಒಂದೇ. ಅದೂ ಅಲ್ಲದೆ ಕಡತಗಳು ಒಂದು ಯಂತ್ರದಲ್ಲಿ, ಮುದ್ರಣ ಇನ್ನೊಂದರಲ್ಲಿ, ಅಂಚೆ ಮತ್ತೊಂದರಲ್ಲಿ. ಒಂದು ಯಂತ್ರ ಇನ್ನೊಂದನ್ನು ಮಾತಾಡಿಸುವಾಗಲೆಲ್ಲ ನೀನು ನಿಜಕ್ಕೂ ನೀನೇನಾ ಎಂದು ಕೇಳಲೇಬೇಕಾದ ಸ್ಥಿತಿ.

ಕೇಂಬ್ರಿಜ್‌ನಿಂದ ಅಲ್ಲಿಗೆ ಹೋಗಿದ್ದ ನೀಡಂ, ಅಲ್ಲೇ ಕೆಲಸಕ್ಕಿದ್ದ ಮೈಕೆಲ್ ಶ್ರೋಡರ್ ಜೊತೆ ಕೂತು ಇದಕ್ಕೊಂದು ದಾರಿ ಹುಡುಕಿದರು. 1978ರ ಡಿಸೆಂಬರಿನಲ್ಲಿ ಅವರ ಪ್ರಬಂಧ ಪ್ರಕಟವಾಯಿತು. ಅದರ ತಿರುಳನ್ನು ನಮ್ಮ ಕಡೆಯ ಊರುಗಳನ್ನೇ ಇಟ್ಟುಕೊಂಡು ನೋಡೋಣ. ಕೊಳ್ಳೇಗಾಲದಲ್ಲಿ ಒಂದು ಯಂತ್ರ, ಯಳಂದೂರಿನಲ್ಲಿ ಒಂದು ಯಂತ್ರ, ಚಾಮರಾಜನಗರದಲ್ಲಿ ಒಂದು ಸರ್ವರ್ ಎನ್ನಿ. ಕೊಳ್ಳೇಗಾಲಕ್ಕೂ ಯಳಂದೂರಿಗೂ ಪರಸ್ಪರ ಪರಿಚಯವಿಲ್ಲ. ಆದರೆ ಇಬ್ಬರಿಗೂ ಚಾಮರಾಜನಗರದ ಜೊತೆ ಒಂದೊಂದು ಗುಟ್ಟಿನ ಕೀಲಿ ಇದೆ. ಕೊಳ್ಳೇಗಾಲ ಕೇಳುತ್ತದೆ: ನಾನು ಯಳಂದೂರಿನ ಜೊತೆ ಮಾತಾಡಬೇಕು, ಇಗೋ ನಾನು ಈಗಷ್ಟೇ ಆರಿಸಿದ ಒಂದು ಸಂಖ್ಯೆ. ಚಾಮರಾಜನಗರ ಆ ಹೊತ್ತಿಗೆಂದೇ ಹೊಸ ಕೀಲಿಯೊಂದನ್ನು ಹುಟ್ಟಿಸಿ ಎರಡು ಪೊಟ್ಟಣ ಕಟ್ಟುತ್ತದೆ. ಒಂದನ್ನು ಕೊಳ್ಳೇಗಾಲದ ಗುಟ್ಟಿನಿಂದ ಮುಚ್ಚಿರುತ್ತದೆ, ಅದರೊಳಗೆ ಹೊಸ ಕೀಲಿಯೂ ಕೊಳ್ಳೇಗಾಲ ಕಳಿಸಿದ ಸಂಖ್ಯೆಯೂ ಇರುತ್ತವೆ. ಇನ್ನೊಂದನ್ನು ಯಳಂದೂರಿನ ಗುಟ್ಟಿನಿಂದ ಮುಚ್ಚಿರುತ್ತದೆ, ಅದರೊಳಗೆ ಅದೇ ಹೊಸ ಕೀಲಿ, ಜೊತೆಗೆ ಇದನ್ನು ತರುವುದು ಕೊಳ್ಳೇಗಾಲ ಎಂಬ ಬರಹ. ಎರಡನೆಯ ಪೊಟ್ಟಣವನ್ನು ಬಿಚ್ಚಲು ಕೊಳ್ಳೇಗಾಲಕ್ಕೆ ಆಗದು. ಒಯ್ದು ಕೊಡುವುದಷ್ಟೇ ಅದರ ಕೆಲಸ. ಯಳಂದೂರು ಅದನ್ನು ಬಿಚ್ಚಿ ಕೀಲಿ ತೆಗೆದುಕೊಂಡು, ತನ್ನದೊಂದು ಸಂಖ್ಯೆಯನ್ನು ಆ ಕೀಲಿಯಿಂದ ಮುಚ್ಚಿ ಕಳಿಸುತ್ತದೆ. ಕೊಳ್ಳೇಗಾಲ ಅದರಲ್ಲಿ ಒಂದು ಕಳೆದು ವಾಪಸ್ ಕಳಿಸಿದರೆ, ಕೀಲಿ ಇವನ ಕೈಯಲ್ಲಿದೆ ಎಂದು ಸಾಬೀತಾದಂತೆ.

ಗಮನಿಸಬೇಕಾದದ್ದು ಇಷ್ಟು. ಇಡೀ ವ್ಯವಹಾರದಲ್ಲಿ ಯಾರ ಗುಟ್ಟೂ ತಂತಿಯ ಮೇಲೆ ಹಾಯಲಿಲ್ಲ. ನೂರು ಯಂತ್ರಗಳಿದ್ದರೆ ಪ್ರತಿ ಜೋಡಿಗೆ ಒಂದರಂತೆ 4,950 ಗುಟ್ಟು ಬೇಕಾಗುತ್ತಿತ್ತು. ಇಲ್ಲಿ ನೂರೇ ಸಾಕು. ಯಂತ್ರದ ಗುರುತು ಯಂತ್ರದ ಮೈಯಲ್ಲಿಲ್ಲ, ಅದಕ್ಕೂ ಮೂರನೆಯವನಿಗೂ ನಡುವೆ ಇರುವ ಗುಟ್ಟಿನಲ್ಲಿದೆ. ಈ ಕ್ಷೇತ್ರದಲ್ಲಿ ಆಮೇಲೆ ಬಂದದ್ದೆಲ್ಲ ಇದರ ಮೇಲೆ ಕಟ್ಟಿದ ಗೋಡೆ, ಇಲ್ಲವೇ ಆ ಗೋಡೆಗೆ ಹಾಕಿದ ತೇಪೆ.

ಮೊದಲ ತೇಪೆಗೆ ಮೂರು ವರ್ಷವೂ ಬೇಕಾಗಲಿಲ್ಲ. 1981ರಲ್ಲಿ ಡೊರೊತಿ ಡೆನ್ನಿಂಗ್ ಮತ್ತು ಜೊವಾನ್ನಿ ಸಾಕ್ಕೊ ಒಂದು ಪ್ರಶ್ನೆ ಎತ್ತಿದರು. ಹೋದ ವರ್ಷದ ಯಾವುದೋ ಸಂಭಾಷಣೆಯ ಕೀಲಿ ಹೇಗೋ ಕಳ್ಳನ ಕೈಸೇರಿದೆ, ಆ ದಿನದ ಪೊಟ್ಟಣದ ನಕಲನ್ನೂ ಅವನು ಇಟ್ಟುಕೊಂಡಿದ್ದಾನೆ ಅನ್ನಿ. ಅದನ್ನೇ ಇವತ್ತು ಯಳಂದೂರಿಗೆ ಕೊಟ್ಟರೆ? ಪೊಟ್ಟಣ ಅಸಲಿಯೇ, ಮುದ್ರೆಯೂ ಸರಿಯೇ. ಅದು ಹಳತೆಂದು ತಿಳಿಯಲು ಯಳಂದೂರಿಗೆ ದಾರಿಯಿಲ್ಲ. ತಾಜಾತನ ಪರೀಕ್ಷಿಸುವ ಸಂಖ್ಯೆಯನ್ನು ನೀಡಂ ಮತ್ತು ಶ್ರೋಡರ್ ಕೇಳುವವನಿಗೆ ಕೊಟ್ಟಿದ್ದರು, ಬಾಗಿಲು ತೆರೆಯುವವನಿಗೆ ಕೊಟ್ಟಿರಲಿಲ್ಲ. ಡೆನ್ನಿಂಗ್ ಮತ್ತು ಸಾಕ್ಕೊ ಹೇಳಿದ ಪರಿಹಾರ ಪೊಟ್ಟಣದೊಳಗೆ ಹೊತ್ತನ್ನೂ ಬರೆಯುವುದು. ಹೊತ್ತು ಮೀರಿದ ಪೊಟ್ಟಣ ಮೂಲೆಗೆ.

ಅಲ್ಲಿಂದಾಚೆ ಗಡಿಯಾರವೂ ಭದ್ರತೆಯ ಭಾಗವಾಯಿತು. ಇದರ ಬಿಸಿ ಮಹಾನಗರಗಳಿಗಿಂತ ಹನೂರಿನಂಥ ಸಣ್ಣ ಊರುಗಳಲ್ಲಿ ಹೆಚ್ಚು. ಇಂದಿನ ವಿಂಡೋಸ್ ಜಾಲದಲ್ಲಿ ಯಂತ್ರದ ಗಡಿಯಾರಕ್ಕೂ ಸರ್ವರಿನ ಗಡಿಯಾರಕ್ಕೂ ಸಾಮಾನ್ಯವಾಗಿ ಐದು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಟಿಕೆಟ್ ಎಂದು ಕರೆಯುವ ಈ ಪೊಟ್ಟಣಗಳು ನಡೆಯುವುದಿಲ್ಲ. ಹಳೆಯ ಕಂಪ್ಯೂಟರಿನ ಮದರ್‌ಬೋರ್ಡಿನಲ್ಲಿ ನಾಣ್ಯದಷ್ಟಗಲದ ಒಂದು ಸೆಲ್ ಇರುತ್ತದೆ. ಕರೆಂಟು ಹೋದಾಗ ಗಡಿಯಾರ ಓಡಿಸುವುದು ಅದೇ. ಸೆಲ್ ಸತ್ತು, ರಾತ್ರಿ ಕರೆಂಟು ಹೋಗಿ ಬೆಳಿಗ್ಗೆ ಬಂದರೆ ಯಂತ್ರ ತಾನು ಹುಟ್ಟಿದ ವರ್ಷಕ್ಕೆ ಹಿಂತಿರುಗಿ ಕೂತಿರುತ್ತದೆ. ಪಾಸ್‌ವರ್ಡ್ ಸರಿ, ಕೇಬಲ್ ಸರಿ, ಆದರೂ ಒಳಗೆ ಬಿಡುವುದಿಲ್ಲ. ಸರ್ವರ್, ಜಾಲ, ಕಂಪನಿ ಎಲ್ಲವನ್ನೂ ಬೈದಾದ ಮೇಲೆ ಯಾರೋ ಒಬ್ಬರ ಕಣ್ಣು ಪರದೆಯ ಮೂಲೆಯಲ್ಲಿರುವ ತಾರೀಖಿನ ಮೇಲೆ ಬೀಳುತ್ತದೆ. ಒಂದು ಸೆಲ್ಲಿಗೆ ಕೊಡುವ ಕಾಸು ಎಷ್ಟೋ ಜಾಲಗಳ ಕಾಯಿಲೆಗೆ ಮದ್ದು ಎಂದು ಈ ಕೆಲಸ ಬಲ್ಲವರು ಹೇಳುವುದು ಸುಮ್ಮನಲ್ಲ.

ಅದೇ 1978ರ ಪ್ರಬಂಧದಲ್ಲಿ ಇನ್ನೊಂದು ವಿಧಾನವೂ ಇತ್ತು, ಎಲ್ಲರಿಗೂ ತಿಳಿದ ಕೀಲಿ ಒಂದು, ತನ್ನೊಬ್ಬನಿಗೇ ತಿಳಿದ ಕೀಲಿ ಒಂದು ಇರುವಂಥದು. ಅದರಲ್ಲೂ ತೂತಿತ್ತು. ಅದು ಕಾಣಿಸಿದ್ದು 17 ವರ್ಷದ ಮೇಲೆ, 1995ರಲ್ಲಿ, ಗೇವಿನ್ ಲೋ ಎಂಬವರಿಗೆ. ಕೆಲವೇ ಸಾಲುಗಳ ಒಂದು ವಿಧಾನವನ್ನು ಲೋಕದ ಜಾಣರೆಲ್ಲ 17 ವರ್ಷ ಓದಿ ತಲೆದೂಗಿದ್ದರು. ಈ ಬಗೆಯ ವಿಧಾನಗಳನ್ನು ಕಣ್ಣಳತೆಯಲ್ಲಿ ಸರಿ ಎಂದು ಒಪ್ಪಬಾರದು, ಕಂಪ್ಯೂಟರಿನಿಂದಲೇ ಜರಡಿ ಹಿಡಿಸಬೇಕು ಎಂಬ ಅರಿವು ಅಲ್ಲಿಂದ ಬಲವಾಯಿತು.

ಇನ್ನು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸರದಿ. 1983ರಲ್ಲಿ ಡಿಜಿಟಲ್ ಮತ್ತು ಐಬಿಎಂ ಕಂಪನಿಗಳ ನೆರವಿನಿಂದ ಅಲ್ಲಿ ಅಥೀನಾ ಎಂಬ ಯೋಜನೆ ಶುರುವಾಯಿತು. ಕ್ಯಾಂಪಸ್ಸಿನ ತುಂಬ ಕಂಪ್ಯೂಟರು, ಯಾವ ವಿದ್ಯಾರ್ಥಿ ಯಾವುದರ ಮುಂದೆ ಬೇಕಾದರೂ ಕೂರಬಹುದು, ಅವನ ಕಡತಗಳು ಅಲ್ಲಿಗೇ ಬರಬೇಕು. ಯೋಜನೆಯ ತಾಂತ್ರಿಕ ಹೊಣೆ ಹೊತ್ತಿದ್ದ ಜೆರೋಮ್ ಸಾಲ್ಟ್‌ಜರ್, ಶ್ರೋಡರ್ ಜೊತೆ 1975ರಲ್ಲಿ ಕಂಪ್ಯೂಟರಿನೊಳಗಿನ ಮಾಹಿತಿಯ ರಕ್ಷಣೆಯ ಬಗ್ಗೆ ಹೆಸರಾಂತ ಪ್ರಬಂಧ ಬರೆದವರು. ಹಾಗಾಗಿ ಪಾಲೊ ಆಲ್ಟೊದ ವಿಚಾರ ಎಂಐಟಿಗೆ ಅಪರಿಚಿತವೇನಲ್ಲ. ಅದನ್ನು ಪ್ರತಿದಿನ ಓಡುವ ಯಂತ್ರವಾಗಿಸಿದವರಲ್ಲಿ ಸ್ಟೀವ್ ಮಿಲ್ಲರ್ ಮತ್ತು ಕ್ಲಿಫರ್ಡ್ ನ್ಯೂಮನ್ ಹೆಸರು ಮೊದಲು ಬರುತ್ತದೆ. ಕರ್ಬೆರೋಸ್ ಎಂದು ಅದಕ್ಕೆ ಹೆಸರಿಟ್ಟರು, ಗ್ರೀಕ್ ಪುರಾಣದಲ್ಲಿ ಪಾತಾಳದ ಬಾಗಿಲು ಕಾಯುವ ಮೂರು ತಲೆಯ ನಾಯಿ ಅದು.

ಸಾರ್ವಜನಿಕ ಕೋಣೆಯಲ್ಲಿರುವ ಕಂಪ್ಯೂಟರನ್ನು ವಿದ್ಯಾರ್ಥಿ ಆರಿಸಿ ಹೊತ್ತಿಸಿ ತನ್ನ ಇಷ್ಟದಂತೆ ಬದಲಿಸಬಲ್ಲ. ಆದ್ದರಿಂದ ಅಲ್ಲಿನವರು ಹಿಡಿದ ನಿಲುವು ಕಟುವಾದದ್ದು: ಮೇಜಿನ ಮೇಲಿನ ಯಂತ್ರವನ್ನು ನಂಬುವುದೇ ಬೇಡ. ನಂಬಿಕೆಯೆಲ್ಲ ಬೀಗ ಹಾಕಿದ ಕೋಣೆಯಲ್ಲಿರುವ ಒಂದು ಸರ್ವರಿನಲ್ಲಿ. ಪಾಸ್‌ವರ್ಡನ್ನು ಒಮ್ಮೆ ಒತ್ತಿ ಒಂದು ಮೊದಲ ಟಿಕೆಟ್ ಪಡೆದರೆ, ಕೂಡಲೇ ಪಾಸ್‌ವರ್ಡನ್ನು ಯಂತ್ರದ ನೆನಪಿನಿಂದ ಅಳಿಸಿಬಿಡುವುದು. ಆಮೇಲೆ ಕಡತಕ್ಕೆ, ಮುದ್ರಣಕ್ಕೆ, ಅಂಚೆಗೆ ಬೇಕಾದ ಟಿಕೆಟ್ಟುಗಳನ್ನು ಆ ಮೊದಲ ಟಿಕೆಟ್ಟನ್ನೇ ತೋರಿಸಿ ಪಡೆಯುವುದು. ಪ್ರತಿ ಟಿಕೆಟ್ಟಿಗೂ ಆಯಸ್ಸು, ಮುಗಿದ ಮೇಲೆ ಅದು ಚಿಂದಿ ಕಾಗದ. ಈ ಮೊದಲ ಟಿಕೆಟ್ಟಿನ ಕಲ್ಪನೆ ನೀಡಂ ಮತ್ತು ಶ್ರೋಡರ್ ಅವರಲ್ಲಿ ಇರಲಿಲ್ಲ. ಇದು ಎಂಐಟಿಯ ಸ್ವಂತ ಗಳಿಕೆ.

ಆ ಯೋಜನೆಯ ಬಿಲ್ ಬ್ರಯಂಟ್ ಎಂಬವರು ಇದನ್ನೆಲ್ಲ ವಿವರಿಸಲು 1988ರಲ್ಲಿ ನಾಲ್ಕು ದೃಶ್ಯಗಳ ಒಂದು ನಾಟಕವನ್ನೇ ಬರೆದರು. ಅಥೀನಾ ಎಂಬ ಉತ್ಸಾಹಿ ತರುಣಿ ಒಂದು ಉಪಾಯ ಹೇಳುತ್ತಾಳೆ, ಯೂರಿಪಿಡೀಸ್ ಎಂಬ ಸಿಡುಕ ಹಿರಿಯ ಅದರಲ್ಲಿ ತೂತು ತೋರಿಸುತ್ತಾನೆ. ಅವಳು ಹೋಗಿ ತೇಪೆ ಹಾಕಿಕೊಂಡು ಬರುತ್ತಾಳೆ, ಅವನು ಇನ್ನೊಂದು ಕಡೆ ಬೆರಳು ತೂರಿಸುತ್ತಾನೆ. ನಮ್ಮಲ್ಲಿ ಇಂಥ ವಿಷಯಗಳನ್ನು ಪಠ್ಯಪುಸ್ತಕಗಳು ಮುಗಿದುಹೋದ ಸತ್ಯದಂತೆ ಕಲಿಸುತ್ತವೆ. ಜಗಳವಾಡುತ್ತ ಕಂಡುಕೊಂಡದ್ದನ್ನು ಜಗಳದ ರೂಪದಲ್ಲೇ ಬರೆದಿಟ್ಟ ಆ ಮನುಷ್ಯನ ಬಗ್ಗೆ ನನಗೆ ಗೌರವವಿದೆ.

1989ರ ಜನವರಿಯಲ್ಲಿ ಕರ್ಬೆರೋಸ್‌ನ ನಾಲ್ಕನೆಯ ಆವೃತ್ತಿಯನ್ನು ಎಂಐಟಿ ಎಲ್ಲರಿಗೂ ಬಿಟ್ಟುಕೊಟ್ಟಿತು. ಎಲ್ಲರಿಗೂ ಎಂದರೆ ಅಮೆರಿಕದೊಳಗಿನ ಎಲ್ಲರಿಗೂ. ಗೂಢಲಿಪಿಯ ತಂತ್ರಾಂಶವನ್ನು ಆ ದೇಶದ ಕಾನೂನು ಆಗ ಮದ್ದುಗುಂಡಿನ ಸಾಲಿಗೆ ಸೇರಿಸಿತ್ತು. ಹೊರಗೆ ಕಳಿಸಲೆಂದು ಗೂಢಲಿಪಿಯ ಭಾಗವನ್ನೆಲ್ಲ ಕೆತ್ತಿ ತೆಗೆದ ಒಂದು ರೂಪ ಮಾಡಿದರು, ಅದಕ್ಕೆ 'ಬೋನ್ಸ್' ಎಂದರೆ ಬರೀ ಮೂಳೆ ಎಂದು ಹೆಸರು. ಆಸ್ಟ್ರೇಲಿಯದಲ್ಲಿ ಎರಿಕ್ ಯಂಗ್ ಎಂಬವರು ಆ ಮೂಳೆಗೆ ತಾವೇ ಮತ್ತೆ ಮಾಂಸ ತುಂಬಿದರು. 2000ದ ಜನವರಿಯಲ್ಲಿ ಈ ನಿರ್ಬಂಧ ಬಹುಮಟ್ಟಿಗೆ ಸಡಿಲವಾಯಿತು. ಅಷ್ಟರಲ್ಲಿ, 1993ರಲ್ಲೇ, ಐದನೆಯ ಆವೃತ್ತಿ ಬಂದಿತ್ತು.

ಕರ್ಬೆರೋಸ್‌ನಲ್ಲಿ ಒಂದೊಂದು ಸರ್ವರಿಗೂ ತನ್ನದೊಂದು ಆಳ್ವಿಕೆಯ ಎಲ್ಲೆ ಇರುತ್ತದೆ. ಎಲ್ಲೆಯ ಆಚೆಯವನು ತಂದ ಟಿಕೆಟ್ ಇಲ್ಲಿ ನಡೆಯಬೇಕಾದರೆ ಎರಡು ಕಡೆಯ ಸರ್ವರುಗಳು ಮೊದಲೇ ಒಂದು ಗುಟ್ಟನ್ನು ಹಂಚಿಕೊಂಡಿರಬೇಕು. ಕೊಳ್ಳೇಗಾಲದ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೊಳ್ಳೇಗಾಲ ಇಂಗ್ಲಿಷರ ಪಾಲಾಗಿ ಕೊಯಮತ್ತೂರು ಜಿಲ್ಲೆಗೆ ಸೇರಿತು. ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿಯಲ್ಲಿರುವ ಯಳಂದೂರು ಮೈಸೂರಿನಲ್ಲೇ ಉಳಿದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಹೋಯಿತು. ನೆಂಟಸ್ತಿಕೆ ಒಂದೇ, ದೇವರು ಒಂದೇ, ಮಾತು ಒಂದೇ. ಆದರೆ ಜಮೀನಿನ ಕಾಗದದ ಮೇಲಿನ ಮುದ್ರೆಗೆ ಹಿಂದಿರುವ ಸರ್ಕಾರ ಬೇರೆ. 1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬರುವವರೆಗೂ ಹಾಗೇ ಇತ್ತು. 1997ರಲ್ಲಿ ಚಾಮರಾಜನಗರ ಜಿಲ್ಲೆಯಾದಾಗ ಎರಡೂ ಆ ಹೊಸ ಜಿಲ್ಲೆಗೆ ಸೇರಿದವು.

ಆ ಜಮೀನಿನ ಕಾಗದಗಳೇ ಕರ್ನಾಟಕದಲ್ಲಿ ಗುರುತಿನ ಪ್ರಶ್ನೆಯನ್ನು ಮೊದಲು ದೊಡ್ಡದಾಗಿ ಎತ್ತಿದವು. 'ಭೂಮಿ' ಯೋಜನೆ ರಾಜ್ಯದ ತಾಲ್ಲೂಕುಗಳಿಗೆಲ್ಲ ಹಬ್ಬಿದ್ದು 2000ದ ಆಚೀಚೆ. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅದರ ಮುಂದಾಳು, ತಂತ್ರಾಂಶ ಬರೆದದ್ದು ಎನ್‌ಐಸಿ ಎಂಬ ಸರ್ಕಾರಿ ಸಂಸ್ಥೆ. ಸುಮಾರು 9,000 ಗ್ರಾಮಲೆಕ್ಕಿಗರ ಕೈಬರಹದಲ್ಲಿದ್ದ, 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಆಗ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಸಿಗುತ್ತಿತ್ತು. ಹನೂರು ಆಗ ಕೊಳ್ಳೇಗಾಲ ತಾಲ್ಲೂಕಿನ ಭಾಗ, ಮಲೆ ಮಹದೇಶ್ವರ ಬೆಟ್ಟದ ತಪ್ಪಲಿನವರೂ ಪಹಣಿಗೆ ಕೊಳ್ಳೇಗಾಲಕ್ಕೇ ಇಳಿದು ಬರಬೇಕಿತ್ತು.

ಕೈಬರಹದ ವಹಿಯಲ್ಲಿ ತಿದ್ದಿದವರು ಯಾರೆಂದು ಅಕ್ಷರ ನೋಡಿ ಹೇಳಬಹುದಿತ್ತು. ಕಂಪ್ಯೂಟರಿನ ಅಕ್ಷರ ಎಲ್ಲರದೂ ಒಂದೇ. ಪಾಸ್‌ವರ್ಡನ್ನು ನಂಬೋಣವೆಂದರೆ, ನಮ್ಮ ಕಚೇರಿಗಳಲ್ಲಿ ಪಾಸ್‌ವರ್ಡ್ ಎಂಬುದು ಕುಡಿಯುವ ನೀರಿನ ಕೊಡದಂತೆ ಎಲ್ಲರಿಗೂ ಸೇರಿದ್ದು. ನಾನಲ್ಲ, ನನ್ನ ಪಾಸ್‌ವರ್ಡ್ ಬೇರೆ ಯಾರೋ ಬಳಸಿದರು ಎಂದುಬಿಟ್ಟರೆ ಮುಗಿಯಿತು. ಭೂಮಿಯವರು ಕಂಡುಕೊಂಡ ಉತ್ತರ ಬೆರಳು. ತಂತ್ರಾಂಶದೊಳಕ್ಕೆ ಹೋಗಬೇಕಾದರೆ ಅಧಿಕಾರಿ ಬೆರಳೊತ್ತಲೇಬೇಕು, ಯಾರು ಏನು ಮಾಡಿದರೆಂಬುದು ದಾಖಲಾಗುತ್ತ ಹೋಗುತ್ತದೆ. ಬೆರಳಚ್ಚು ಎಂದರೆ ಹೆಬ್ಬೆಟ್ಟು, ಓದುಬರಹ ಬಾರದವರ ಸಹಿ ಎಂದೇ ತಿಳಿದಿದ್ದ ಕಂದಾಯ ಇಲಾಖೆಯಲ್ಲಿ ಅಧಿಕಾರಿಗಳೇ ಹೆಬ್ಬೆಟ್ಟು ಒತ್ತುವಂತಾಯಿತು. ಸರ್ಕಾರಿ ಕೆಲಸದಲ್ಲಿ ಇಷ್ಟು ಒಳ್ಳೆಯ ವಿನೋದ ಅಪರೂಪ.

ಆದರೆ ಬೆರಳು ಹೇಳುವುದು ಮನುಷ್ಯ ಯಾರೆಂದು. ಆ ಬೆರಳನ್ನು ಓದಿ ಹೌದು ಇವರೇ ಎನ್ನುವ ಯಂತ್ರ ಯಾವುದು? ಅದು ಕಚೇರಿಯದೋ, ಯಾರೋ ತಂದಿಟ್ಟ ಬೇರೆಯದೋ? ಬೆರಳಿಗೆ ಇನ್ನೊಂದು ಮಿತಿಯೂ ಇದೆ. ಅದು ಗುಟ್ಟಲ್ಲ, ಮುಟ್ಟಿದಲ್ಲೆಲ್ಲ ಉಳಿದುಹೋಗುತ್ತದೆ, ಕಳವಾದರೆ ಬೇರೆ ಬೆರಳು ಬೆಳೆಯುವುದಿಲ್ಲ. ಯಂತ್ರದ ವಿಷಯದಲ್ಲಿ ನಾವು ಹೆಚ್ಚು ಅದೃಷ್ಟವಂತರು. ಅದಕ್ಕೆ ಕೊಟ್ಟ ಗುಟ್ಟನ್ನು ತಿಂಗಳಿಗೊಮ್ಮೆ ಬದಲಿಸಬಹುದು.

ಮೈಕ್ರೋಸಾಫ್ಟ್ ಮಾಡಿದ್ದು ಅದನ್ನೇ. 1993ರ ವಿಂಡೋಸ್ ಎನ್‌ಟಿಯಲ್ಲಿ ಡೊಮೈನ್ ಎಂಬ ಏರ್ಪಾಡಿನೊಳಗೆ ಮನುಷ್ಯರಿಗೆ ಮಾತ್ರವಲ್ಲ, ಕಂಪ್ಯೂಟರಿಗೂ ಖಾತೆ ತೆರೆದರು. 2000ದ ಫೆಬ್ರವರಿ 17ರಂದು ಬಂದ ವಿಂಡೋಸ್ 2000 ಆ ಖಾತೆಗಳನ್ನೆಲ್ಲ ಆಕ್ಟಿವ್ ಡೈರೆಕ್ಟರಿ ಎಂಬ ಒಂದು ಉಗ್ರಾಣಕ್ಕೆ ಸೇರಿಸಿ, ಬಾಗಿಲಿಗೆ ಕರ್ಬೆರೋಸನ್ನು ನಿಲ್ಲಿಸಿತು. ನೀಡಂ ಅವರೇ 1997ರಲ್ಲಿ ಕೇಂಬ್ರಿಜ್‌ನಲ್ಲಿ ಮೈಕ್ರೋಸಾಫ್ಟಿನ ಸಂಶೋಧನಾಲಯ ಕಟ್ಟಲು ಹೋಗಿದ್ದರು. ಹೀಗಾಗಿ ಅವರ ಹಳೆಯ ವಿಚಾರದ ಮೊಮ್ಮಗು ಅವರಿದ್ದ ಮನೆಗೇ ಬಂದಂತಾಯಿತು.

ಡೊಮೈನಿಗೆ ಸೇರಿಸುವುದು ಎಂದರೆ ನಡೆಯುವುದಿಷ್ಟು. ಅನುಮತಿ ಇರುವ ಮನುಷ್ಯನೊಬ್ಬ ತನ್ನ ಹೆಸರು, ಪಾಸ್‌ವರ್ಡ್ ಕೊಟ್ಟು ಈ ಯಂತ್ರ ನಮ್ಮದು ಎನ್ನುತ್ತಾನೆ. ಡೈರೆಕ್ಟರಿಯಲ್ಲಿ ಯಂತ್ರದ ಹೆಸರಿನ ಕೊನೆಗೆ ಡಾಲರ್ ಚಿಹ್ನೆ ಸೇರಿಸಿ ಒಂದು ಖಾತೆ ಹುಟ್ಟುತ್ತದೆ, ಅದಕ್ಕೊಂದು ಕ್ರಮಸಂಖ್ಯೆ ಬರುತ್ತದೆ. ಯಂತ್ರ 120 ಅಕ್ಷರಗಳ ಒಂದು ಪಾಸ್‌ವರ್ಡನ್ನು ತಾನೇ ಹೊಸೆದು, ಒಂದು ಪ್ರತಿ ತನ್ನಲ್ಲಿಟ್ಟುಕೊಂಡು ಇನ್ನೊಂದನ್ನು ಸರ್ವರಿಗೆ ಕೊಡುತ್ತದೆ. ಯಾವ ಮನುಷ್ಯನೂ ಅದನ್ನು ನೋಡುವುದಿಲ್ಲ. ಆಮೇಲೆ 30 ದಿನಕ್ಕೊಮ್ಮೆ ಯಂತ್ರವೇ ಅದನ್ನು ಬದಲಿಸುತ್ತದೆ. ಬದಲಿಸುವ ಹೊಣೆ ಯಂತ್ರದ್ದೇ ಆದ್ದರಿಂದ, ಆರು ತಿಂಗಳು ಬೀರುವಿನಲ್ಲಿಟ್ಟಿದ್ದ ಲ್ಯಾಪ್‌ಟಾಪನ್ನು ತೆಗೆದರೂ ಅದು ನಿರಾಳವಾಗಿ ಜಾಲಕ್ಕೆ ಸೇರಿಕೊಳ್ಳುತ್ತದೆ. ಆದರೆ ಮೂರು ತಿಂಗಳ ಹಿಂದಿನ ಬ್ಯಾಕಪ್ಪಿನಿಂದ ಯಂತ್ರವನ್ನು ಮರಳಿ ಎಬ್ಬಿಸಿದರೆ ಕತೆ ಬೇರೆ. ಯಂತ್ರದ ನೆನಪಿನಲ್ಲಿ ಹಳೆಯ ಪಾಸ್‌ವರ್ಡು, ಸರ್ವರಿನಲ್ಲಿ ಹೊಸದು. ನಂಬಿಕೆ ಮುರಿಯುವುದು ಬಹಳ ಸಲ ಹೀಗೆ. ಒಂದೇ ಹೆಸರಿನ ಎರಡನೆಯ ಯಂತ್ರವನ್ನು ಯಾರಾದರೂ ಡೊಮೈನಿಗೆ ಸೇರಿಸಿದರೂ ಅಷ್ಟೆ, ಖಾತೆ ಹೊಸಬನ ಪಾಲಾಗಿ ಹಳಬ ಬೀದಿಗೆ ಬೀಳುತ್ತಾನೆ.

2018ರಲ್ಲಿ ಹನೂರು ಬೇರೆ ತಾಲ್ಲೂಕಾಯಿತು. ಇಂಥ ಹೊತ್ತಿನಲ್ಲಿ ಕೊಳ್ಳೇಗಾಲದ ಹೆಸರಿಟ್ಟ ಯಂತ್ರವೊಂದು ಹನೂರಿಗೆ ಹೋಗಿ ಹೊಸ ಹೆಸರು ಪಡೆಯಿತು ಎನ್ನಿ. ಡೈರೆಕ್ಟರಿಯ ಒಳಗಿನ ಕ್ರಮಸಂಖ್ಯೆ ಮಾತ್ರ ಬದಲಾಗುವುದಿಲ್ಲ. ಅನುಮತಿಗಳೆಲ್ಲ ಆ ಸಂಖ್ಯೆಗೆ ಅಂಟಿರುತ್ತವೆ, ಹೆಸರು ನಮ್ಮ ಕಣ್ಣಿಗಾಗಿ ಇರುವುದು.

ಈ ಸಂಖ್ಯೆಯ ಸುತ್ತ ಒಂದು ಸ್ವಾರಸ್ಯವಿದೆ. ಡೈರೆಕ್ಟರಿ ಕೊಡುವ ಸಂಖ್ಯೆಯಲ್ಲದೆ, ವಿಂಡೋಸ್ ಹಾಕಿದ ಕ್ಷಣದಲ್ಲೇ ಪ್ರತಿ ಯಂತ್ರವೂ ತನಗಾಗಿ ಇನ್ನೊಂದು ಸಂಖ್ಯೆ ಹುಟ್ಟಿಸಿಕೊಳ್ಳುತ್ತದೆ, ಅದಕ್ಕೆ ಸಿಡ್ ಎನ್ನುತ್ತಾರೆ. ಲ್ಯಾಬಿನ ಮೂವತ್ತು ಯಂತ್ರಕ್ಕೆ ಒಂದೊಂದಾಗಿ ವಿಂಡೋಸ್ ಹಾಕುವ ತಾಳ್ಮೆ ಯಾರಿಗಿದೆ? ಒಂದನ್ನು ಸಿದ್ಧಪಡಿಸಿ ಡಿಸ್ಕನ್ನೇ ನಕಲು ಮಾಡುವುದು ಎಲ್ಲ ಕಡೆಯ ರೂಢಿ. ಆಗ ಮೂವತ್ತಕ್ಕೂ ಒಂದೇ ಸಿಡ್. ಇದು ಅಪಾಯ ಎಂದು ಎಲ್ಲರೂ ನಂಬಿದ್ದರು. ಮಾರ್ಕ್ ರುಸಿನೋವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ 1997ರಲ್ಲಿ ಸಿಡ್ ಬದಲಿಸುವ ನ್ಯೂಸಿಡ್ ಎಂಬ ಪುಟ್ಟ ತಂತ್ರಾಂಶ ಬರೆದರು, ಲೋಕವೆಲ್ಲ ಬಳಸಿತು. 2009ರ ನವೆಂಬರಿನಲ್ಲಿ ಅದೇ ರುಸಿನೋವಿಚ್, ಅಷ್ಟರಲ್ಲಿ ಮೈಕ್ರೋಸಾಫ್ಟಿನವರೇ ಆಗಿದ್ದವರು, ತಮ್ಮ ತಂತ್ರಾಂಶವನ್ನು ತಾವೇ ನಿಲ್ಲಿಸಿದರು. ಸಿಡ್ ಎರಡು ಕಡೆ ಒಂದೇ ಇದ್ದರೆ ಆಗುವ ಕೆಡುಕೇನು ಎಂದು ಯೋಚಿಸಿ, ಕಂಪನಿಯ ಭದ್ರತಾ ತಂಡವನ್ನೂ ಕೇಳಿದರೆ, ಒಂದೇ ಒಂದು ಉದಾಹರಣೆ ಕೊಡಲು ಯಾರಿಗೂ ಆಗಲಿಲ್ಲವಂತೆ. ಯಂತ್ರ ತನ್ನ ಸಿಡ್ಡನ್ನು ಜಾಲದ ಮೇಲೆ ಗುರುತಾಗಿ ತೋರಿಸುವುದೇ ಇಲ್ಲ, ಡೊಮೈನಿನಲ್ಲಿ ನಡೆಯುವುದು ಡೊಮೈನ್ ಕೊಟ್ಟ ಸಂಖ್ಯೆ ಎಂಬುದು ಅವರ ವಾದ. ಹನ್ನೆರಡು ವರ್ಷ ಲೋಕವೆಲ್ಲ ಶಾಸ್ತ್ರೋಕ್ತವಾಗಿ ಮಾಡಿದ್ದು ವ್ಯರ್ಥ ಆಚರಣೆ ಎಂದು ಅದನ್ನು ಶುರುಮಾಡಿದ ಪುರೋಹಿತರೇ ಹೇಳಿದಂತಾಯಿತು.

ನಿಜವಾದ ತೂತು ಯಾರೂ ನೋಡದ ಕಡೆ ಇತ್ತು. ಕರ್ಬೆರೋಸ್ ಬಂದ ಮೇಲೂ ಯಂತ್ರ ತನ್ನ ಪಾಸ್‌ವರ್ಡ್ ಬದಲಿಸುವಂಥ ಕೆಲಸಗಳಿಗೆ ನೆಟ್‌ಲಾಗನ್ ಎಂಬ ಎನ್‌ಟಿ ಕಾಲದ ಹಳೆಯ ವಿಧಾನವೇ ಮುಂದುವರಿದಿತ್ತು. ನೆದರ್‌ಲೆಂಡ್ಸ್‌ನ ಸೆಕ್ಯುರಾ ಕಂಪನಿಯ ಟಾಮ್ ಟೆರ್ವೋರ್ಟ್ 2019ರಲ್ಲಿ ಅದರಲ್ಲೊಂದು ಸಣ್ಣ ದೋಷ ಕಂಡಿದ್ದರು. ಇನ್ನೂ ಏನೋ ಇರಬೇಕೆಂದು ಅಗೆಯುತ್ತಲೇ ಹೋದರು. ನೆಟ್‌ಲಾಗನ್‌ನಲ್ಲಿ ಯಂತ್ರ ಎಂಟು ಬೈಟಿನ ಒಂದು ಸಂಖ್ಯೆ ಆರಿಸಿ ಕಳಿಸುತ್ತದೆ, ಆಮೇಲೆ ಅದನ್ನು ಗುಟ್ಟಿನಿಂದ ಹುಟ್ಟಿದ ಕೀಲಿಯಲ್ಲಿ ಮುಚ್ಚಿ ತೋರಿಸುತ್ತದೆ. ಮುಚ್ಚುವ ವಿಧಾನದಲ್ಲಿ ಮೊದಲಿಗೆ ಯಾದೃಚ್ಛಿಕವಾದ 16 ಬೈಟು ಇಡಬೇಕೆಂಬುದು ಶಾಸ್ತ್ರ. ನೆಟ್‌ಲಾಗನ್ ಅಲ್ಲಿ ಯಾವಾಗಲೂ ಸೊನ್ನೆಗಳನ್ನೇ ಇಡುತ್ತಿತ್ತು. ಇದರಲ್ಲೇನು ಮಹಾ ಅನ್ನಿಸಬಹುದು. ಕಳ್ಳ ತನ್ನ ಎಂಟು ಬೈಟನ್ನೂ ಸೊನ್ನೆಯಾಗಿಯೇ ಆರಿಸಿದ ಎನ್ನಿ. ಮೊದಲ ಬೈಟಿನ ಫಲ ಸೊನ್ನೆ ಬಂದರೆ ಮುಂದಿನ ಬೈಟಿಗೂ ಅದೇ ಸೊನ್ನೆಗಳ ಸಾಲೇ ಎದುರಾಗುತ್ತದೆ, ಫಲವೂ ಸೊನ್ನೆಯೇ, ಹೀಗೆ ಕೊನೆಯವರೆಗೂ. ಮೊದಲ ಬೈಟು ಸೊನ್ನೆ ಬರುವ ಸಂಭವ 256ರಲ್ಲಿ ಒಂದು. ಅಂದರೆ ಗುಟ್ಟಿನ ಒಂದಕ್ಷರವೂ ತಿಳಿಯದವನು ಸೊನ್ನೆಗಳನ್ನೇ ಮತ್ತೆ ಮತ್ತೆ ತೋರಿಸುತ್ತಿದ್ದರೆ, ಸರಾಸರಿ 256 ಸಲಕ್ಕೊಮ್ಮೆ ಸರ್ವರ್ ಒಳಗೆ ಬಾ ಎನ್ನುತ್ತಿತ್ತು. ಅದಕ್ಕೆ ಬೇಕಾದದ್ದು ಸುಮಾರು ಮೂರು ಸೆಕೆಂಡು.

ಮನುಷ್ಯ ನಾಲ್ಕಾರು ಸಲ ಪಾಸ್‌ವರ್ಡ್ ತಪ್ಪಿದರೆ ಖಾತೆಗೆ ಬೀಗ ಬೀಳುವಂತೆ ಮಾಡಿಡಬಹುದು. ಯಂತ್ರದ ಖಾತೆಗೆ ಹಾಗೆ ಬೀಗ ಬೀಳುವುದಿಲ್ಲ, ಯಂತ್ರ ತಪ್ಪು ಒತ್ತುವುದಿಲ್ಲವಲ್ಲ ಎಂಬ ಭರವಸೆ. ಚಾಪೆಯ ಕೆಳಗೆ ತೂರಿದರೆ ರಂಗೋಲಿಯ ಕೆಳಗೆ ತೂರುವವರು ಈ ಲೋಕದಲ್ಲಿ ಬೇಕಾದಷ್ಟಿದ್ದಾರೆ. ಒಳಬಂದವನು ಡೊಮೈನಿನ ಮುಖ್ಯ ಸರ್ವರಿನ ಹೆಸರಿನಲ್ಲೇ ಬಂದು, ಅದರ ಖಾತೆಯ ಪಾಸ್‌ವರ್ಡನ್ನು ಖಾಲಿ ಮಾಡಿಬಿಡಬಹುದಿತ್ತು. ಎಲ್ಲರ ಗುರುತಿಗೂ ಸಾಕ್ಷಿಯಾಗಿದ್ದವನ ಗುರುತೇ ಕಳವು. ಮೈಕ್ರೋಸಾಫ್ಟ್ 2020ರ ಆಗಸ್ಟಿನಲ್ಲಿ ತೇಪೆ ಹಾಕಿತು, ಸೆಪ್ಟೆಂಬರಿನಲ್ಲಿ ಟೆರ್ವೋರ್ಟ್ ವಿವರ ಬಿಚ್ಚಿಟ್ಟರು. ಜೀರೋಲಾಗನ್ ಎಂದು ಹೆಸರಾದ ಈ ದೋಷಕ್ಕೆ ಅಪಾಯದ ಮಾಪನದಲ್ಲಿ ಹತ್ತಕ್ಕೆ ಹತ್ತು ಅಂಕ ಸಿಕ್ಕಿತು. ಅಮೆರಿಕ ಸರ್ಕಾರ ಒಂದು ಶುಕ್ರವಾರ ಆದೇಶ ಹೊರಡಿಸಿ, ಸೋಮವಾರದೊಳಗೆ ಸರಿಪಡಿಸಿಕೊಳ್ಳಿ ಎಂದು ತನ್ನ ಇಲಾಖೆಗಳಿಗೆ ತಾಕೀತು ಮಾಡಿತು.

ಸಿಡ್ಡಿನ ಕತೆಯಲ್ಲಿ ಇನ್ನೊಂದು ಸುತ್ತು ಬಾಕಿಯಿತ್ತು. 2025ರ ಆಗಸ್ಟ್ ಕೊನೆಯಿಂದ ಬಂದ ವಿಂಡೋಸ್ 11 ಮತ್ತು ಸರ್ವರ್ 2025ರ ಅಪ್‌ಡೇಟುಗಳ ನಂತರ ಕೆಲವು ಕಡೆ ಯಂತ್ರಗಳು ಒಂದನ್ನೊಂದು ಒಪ್ಪುವುದನ್ನು ನಿಲ್ಲಿಸಿದವು. ಹಂಚಿಕೊಂಡ ಫೋಲ್ಡರು ತೆರೆಯುವುದಿಲ್ಲ, ಸರಿಯಾದ ಪಾಸ್‌ವರ್ಡನ್ನೇ ಕೊಟ್ಟರೂ ತಪ್ಪು ಎನ್ನುತ್ತದೆ. ಕಾರಣವನ್ನು ಅಕ್ಟೋಬರಿನಲ್ಲಿ ಮೈಕ್ರೋಸಾಫ್ಟೇ ಹೇಳಿತು: ಹೊಸ ಭದ್ರತಾ ಕ್ರಮ ಎರಡೂ ಯಂತ್ರಗಳ ಸಿಡ್ಡನ್ನು ಹೋಲಿಸಿ ನೋಡುತ್ತದೆ, ಒಂದೇ ಆಗಿದ್ದರೆ ದೃಢೀಕರಣ ನಿರಾಕರಿಸುತ್ತದೆ. 2009ರಲ್ಲಿ ಸುಳ್ಳು ಭಯ ಎನಿಸಿಕೊಂಡದ್ದು 2025ರಲ್ಲಿ ನಿಯಮವೇ ಆಯಿತು. ಒಂದು ಡಿಸ್ಕಿನಿಂದ ಮೂವತ್ತು ಯಂತ್ರ ಹುಟ್ಟಿಸಿದ ಲ್ಯಾಬುಗಳು, ಕಂಪ್ಯೂಟರ್ ಕೇಂದ್ರಗಳು, ಸಣ್ಣ ಕಚೇರಿಗಳು ನಮ್ಮ ತಾಲ್ಲೂಕುಗಳಲ್ಲೂ ಇರದೆ ಇಲ್ಲ. ಅಂಥವರಿಗೆ ಕಂಪನಿ ಹೇಳಿರುವ ಶಾಶ್ವತ ಪರಿಹಾರ, ಆ ಯಂತ್ರಗಳಿಗೆ ವಿಂಡೋಸನ್ನು ಹೊಸದಾಗಿ ಹಾಕುವುದು, ನಕಲು ಮಾಡುವುದಾದರೆ ಸಿಸ್‌ಪ್ರೆಪ್ ಎಂಬ ಅಧಿಕೃತ ಸಲಕರಣೆಯನ್ನು ಹಾಯಿಸಿಯೇ ಮಾಡುವುದು. ನ್ಯೂಸಿಡ್ ಮಾತ್ರ ಮತ್ತೆ ಬಂದಿಲ್ಲ.